ಸುಷಿರ ವಾದ್ಯವೃಂದವೂ ಹಾಡುಗಳ ಆಯ್ಕೆಯೂ

ಶಾಲೆಯ ಬ್ಯಾಂಡು ಯಾವ ಹಾಡನ್ನು ನುಡಿಸಬೇಕೆಂಬುದು ಮೇಲುನೋಟಕ್ಕೆ ಸಂಗೀತ ಶಿಕ್ಷಕನೊಬ್ಬನ ಅನುಕೂಲಕ್ಕೆ ಸೇರಿದ ಸಣ್ಣ ವಿಷಯದಂತೆ ತೋರುತ್ತದೆ. ಆದರೆ ದಕ್ಷಿಣ ಭಾರತದ ಕಳೆದ ಎರಡು ಶತಮಾನಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಈ ಆಯ್ಕೆಯನ್ನು ಸದಾ ಎರಡು ಶಕ್ತಿಗಳು ನಿರ್ಣಯಿಸಿರುವುದು ಕಂಡುಬರುತ್ತದೆ. ವಾದ್ಯವು ಯಾವುದನ್ನು ನುಡಿಸಬಲ್ಲದು ಎಂಬುದು ಮೊದಲನೆಯದು. ನಾಡಿನ ಅಧಿಕಾರವು ಯಾವುದನ್ನು ನುಡಿಸಗೊಡುತ್ತದೆ ಎಂಬುದು ಎರಡನೆಯದು. ಹೈದರಾಬಾದಿನ ನಾರಾಯಣಗೂಡದಂತಹ ಬಹುಭಾಷಾ ನೆಲೆಯಲ್ಲಿ ಈ ಎರಡೂ ಒಟ್ಟಿಗೆ ಎದುರಾಗುತ್ತವೆ.

ಮೊದಲು ವಾದ್ಯದ ಮಾತು. ಕ್ಲಾರಿನೆಟ್, ಕಾರ್ನೆಟ್, ಟ್ರಂಪೆಟ್ ಮೊದಲಾದ ಪಾಶ್ಚಾತ್ಯ ಸುಷಿರ ವಾದ್ಯಗಳು ನಿಶ್ಚಿತ ಸ್ವರಸ್ಥಾನಗಳಿಗೆ ಕಟ್ಟುಬಿದ್ದವು. ಒಬ್ಬ ನಿಪುಣನು ಒಂಟಿಯಾಗಿ ಕ್ಲಾರಿನೆಟ್ಟಿನಲ್ಲಿ ಗಮಕವನ್ನು ಹೊಮ್ಮಿಸಬಹುದು; ಇಪ್ಪತ್ತು ಮಂದಿ ಬಾಲಕರು ಒಂದೇ ಗಮಕವನ್ನು ಏಕಕಾಲದಲ್ಲಿ ನುಡಿಸಲಾರರು. ಆದುದರಿಂದ ಗಮಕವೇ ಜೀವವಾಗಿರುವ ತೋಡಿ, ಸಹಾನ, ಬೇಗಡೆಗಳು ಬ್ಯಾಂಡಿಗೆ ಒಗ್ಗುವುದಿಲ್ಲ. ಶಂಕರಾಭರಣ, ಮೋಹನ, ಹಂಸಧ್ವನಿಗಳಂತಹ ರಾಗಗಳಲ್ಲಿ ಸರಳವಾದ, ಸ್ಪಷ್ಟ ನಡೆಯುಳ್ಳ ರಚನೆಗಳು ಒಗ್ಗುತ್ತವೆ.

ಈ ಸತ್ಯವನ್ನು ಮೊದಲು ಅರಿತವರಲ್ಲಿ ಮುತ್ತುಸ್ವಾಮಿ ದೀಕ್ಷಿತರು ಪ್ರಮುಖರು. ಮದರಾಸಿನ ಸಮೀಪದ ಮಣಲಿಯಲ್ಲಿದ್ದಾಗ ಕಂಪೆನಿಯ ಬ್ಯಾಂಡಿನ ಮಟ್ಟುಗಳನ್ನು ಕೇಳಿದ ಅವರು ಅವುಗಳಿಗೆ ಬಹುಮಟ್ಟಿಗೆ ಸಂಸ್ಕೃತದಲ್ಲಿ ಸಾಹಿತ್ಯವನ್ನು ರಚಿಸಿದರು. ಸುಮಾರು 40ರಷ್ಟಿರುವ ಈ ನೋಟ್ಟುಸ್ವರ ಸಾಹಿತ್ಯಗಳು ಶಂಕರಾಭರಣದ ಸ್ವರಗಳಲ್ಲಿಯೇ ನಡೆಯುತ್ತವೆ. ಇಂಗ್ಲೆಂಡಿನ ರಾಜಗೀತೆಯ ಮಟ್ಟೂ ಅವುಗಳಲ್ಲಿ ಒಂದಾಯಿತು. ಇಲ್ಲಿ ಗಮನಿಸತಕ್ಕ ವಿಶೇಷವೆಂದರೆ, ಹಾಡು ಬ್ಯಾಂಡಿಗೆ ಹೋಗಲಿಲ್ಲ, ಬ್ಯಾಂಡಿನ ಮಟ್ಟೇ ಹಾಡಿನೊಳಕ್ಕೆ ಬಂದಿತು.

ಮೈಸೂರು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಸ್ವತಃ ಹಲವು ವಾದ್ಯಗಳನ್ನು ಬಲ್ಲವರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ (ನಿಧನ 1940) ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನೊಡನೆ ಕರ್ನಾಟಕ ಬ್ಯಾಂಡೂ ಬೆಳೆಯಿತು. ಪಾಶ್ಚಾತ್ಯ ವಾದ್ಯಗಳ ಮೇಲೆ ನಮ್ಮ ಕೃತಿಗಳನ್ನು ನುಡಿಸುವುದೇ ಇದರ ಉದ್ದೇಶ. ಬಸವಪ್ಪ ಶಾಸ್ತ್ರಿಗಳು (1843–1891) ರಚಿಸಿದ ‘ಕಾಯೌ ಶ್ರೀಗೌರಿ’ ಸಂಸ್ಥಾನ ಗೀತೆಯಾಗಿ ಬ್ಯಾಂಡಿನಲ್ಲಿ ಸಲೀಸಾಗಿ ನಿಂತುದಕ್ಕೆ ಅದರ ಧೀರಶಂಕರಾಭರಣದ ಮಟ್ಟು ಮುಖ್ಯ ಕಾರಣವೆನ್ನಬಹುದು. ಸಂಸ್ಥಾನವು ವಿಲೀನವಾದ ಮೇಲೆ ಈ ಬ್ಯಾಂಡುಗಳ ಪರಂಪರೆಯು ರಾಜ್ಯದ ಪೊಲೀಸ್ ಇಲಾಖೆಯಲ್ಲಿ ಮುಂದುವರಿಯಿತು.

ವಾದ್ಯದ ಶಕ್ತಿಯು ಒಂದು ರಾಷ್ಟ್ರದ ಗೀತೆಯನ್ನೇ ನಿರ್ಣಯಿಸಿದ ನಿದರ್ಶನವೂ ಉಂಟು. 1919ರಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿಗೆ ಬಂದಾಗ, ಅಲ್ಲಿನ ಪ್ರಾಂಶುಪಾಲರ ಪತ್ನಿ ಮಾರ್ಗರೆಟ್ ಕಸಿನ್ಸ್ ಅವರು ‘ಜನಗಣಮನ’ದ ಮಟ್ಟನ್ನು ಸ್ವರಲಿಪಿಗಿಳಿಸಿದರು. 1947ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾರತದ ಗೀತೆಯನ್ನು ನುಡಿಸಬೇಕಾದ ಪ್ರಸಂಗ ಒದಗಿದಾಗ, ನಿಯೋಗದ ಬಳಿಯಿದ್ದ ‘ಜನಗಣಮನ’ದ ಧ್ವನಿಮುದ್ರಿಕೆಯನ್ನೇ ಆಧರಿಸಿ ಅಲ್ಲಿನ ವಾದ್ಯವೃಂದವು ಅದನ್ನು ನುಡಿಸಿತು. 1948ರ ಆಗಸ್ಟ್ 25ರಂದು ಸಂವಿಧಾನ ಸಭೆಯಲ್ಲಿ ನೆಹರೂ ಅವರು ಈ ಪ್ರಸಂಗವನ್ನು ವಿವರಿಸಿ, ರಾಷ್ಟ್ರಗೀತೆಯಲ್ಲಿ ಪದಗಳಿಗಿಂತ ಮಟ್ಟು ಮುಖ್ಯವೆಂದೂ, ‘ವಂದೇ ಮಾತರಂ’ ಎಷ್ಟೇ ಪೂಜ್ಯವಾದರೂ ವಾದ್ಯವೃಂದಕ್ಕೆ ಸುಲಭವಾಗಿ ಒಗ್ಗದೆಂದೂ ವಾದಿಸಿದರು. ಮಾಸ್ಟರ್ ಕೃಷ್ಣರಾವ್ ಅವರು ‘ವಂದೇ ಮಾತರಂ’ಗೆ ಬ್ಯಾಂಡಿಗೆ ತಕ್ಕ ಮಟ್ಟೊಂದನ್ನು ಸಿದ್ಧಪಡಿಸಿ ತೋರಿಸಿದರೂ ನಿರ್ಣಯವು ಬದಲಾಗಲಿಲ್ಲ. 1950ರ ಜನವರಿ 24ರಂದು ‘ಜನಗಣಮನ’ವು ರಾಷ್ಟ್ರಗೀತೆಯಾಯಿತು, ‘ವಂದೇ ಮಾತರಂ’ಗೆ ಸಮಾನ ಗೌರವ ಸಂದಿತು.

ಇನ್ನು ಅಧಿಕಾರದ ಮಾತು. ಹೈದರಾಬಾದು ಸಂಸ್ಥಾನದ ಶಾಲೆಗಳಲ್ಲಿ ನಿಜಾಮರ ಕ್ಷೇಮವನ್ನು ಕೋರುವ ಉರ್ದು ಗೀತೆಯನ್ನು ಹಾಡಿಸುತ್ತಿದ್ದರು. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ವಸತಿಗೃಹದ ಪ್ರಾರ್ಥನೆಯಲ್ಲಿ ‘ವಂದೇ ಮಾತರಂ’ ಹಾಡಿದುದಕ್ಕೆ ನಿಷೇಧ ಬಂದಿತು; ಮುಷ್ಕರ ಹೂಡಿದವರನ್ನು ಹೊರಹಾಕಲಾಯಿತು. ಕಲಬುರ್ಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ಚಳವಳಿಯು ಹಬ್ಬಿತು. ಹೊರಬಿದ್ದ ಅನೇಕರಿಗೆ ನಾಗಪುರ ವಿಶ್ವವಿದ್ಯಾನಿಲಯವು ಆಶ್ರಯವಿತ್ತಿತು. ಮುಂದೆ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾವ್ ಅವರು ಆ ಪೈಕಿ ಒಬ್ಬರು. ಒಂದು ಹಾಡಿನ ಆಯ್ಕೆಗೆ ವಿದ್ಯಾರ್ಥಿಜೀವನವನ್ನೇ ಪಣವಾಗಿಡಬೇಕಾದ ಕಾಲವದು.

ನಾರಾಯಣಗೂಡದ ಶಿಕ್ಷಣ ಸಂಸ್ಥೆಗಳನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕು. 1928ರಲ್ಲಿ ಮಾಡಪಾಟಿ ಹನುಮಂತರಾಯರು ಸ್ಥಾಪಿಸಿದ ತೆಲುಗು ಮಾಧ್ಯಮದ ಬಾಲಿಕಾ ಪಾಠಶಾಲೆ, ಕೇಶವರಾವ್ ಕೋರಟಕರರ ಸ್ಮಾರಕವಾಗಿ 1940ರಲ್ಲಿ ತಲೆಯೆತ್ತಿದ ಕೇಶವ ಸ್ಮಾರಕ ಶಾಲೆ ಇವೆರಡೂ ರಾಜಭಾಷೆಯ ಆಚೆಗೆ ಜನರ ನುಡಿಗೂ ಸಂಸ್ಕೃತಿಗೂ ಎಡೆಮಾಡಿಕೊಡಬೇಕೆಂಬ ಹಂಬಲದಿಂದ ಹುಟ್ಟಿದವು. ಸಮೀಪದ ಕಾಚಿಗುಡಾದಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆಯೂ ಅದೇ ಹಂಬಲದ ಫಲ. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ರಾಜಧಾನಿಯ ಕನ್ನಡಿಗರು ತಮ್ಮ ಹಳೆಯ ನಗರದಲ್ಲಿದ್ದಂತೆಯೇ ಹೊರನಾಡಿಗರಾದರು.

ಇಂದು ನಿಷೇಧದ ಭಯವಿಲ್ಲ. ಆದರೆ ಆಯ್ಕೆಯ ಪ್ರಶ್ನೆ ಉಳಿದಿದೆ. ‘ಜನಗಣಮನ’ ಎಲ್ಲ ಶಾಲೆಗಳಿಗೂ ಸಲ್ಲುತ್ತದೆ. 2024ರ ಜೂನ್ 2ರಂದು ‘ಜಯ ಜಯಹೇ ತೆಲಂಗಾಣ’ ಆ ರಾಜ್ಯದ ಗೀತೆಯಾಗಿ ಅಂಗೀಕೃತವಾಯಿತು. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ಕರ್ನಾಟಕದ ನಾಡಗೀತೆಯಾದರೂ ಮಟ್ಟಿನ ವಿವಾದವು ಬಹುಕಾಲ ನಡೆದು, ಮೈಸೂರು ಅನಂತಸ್ವಾಮಿಯವರ ಮಟ್ಟಿನಲ್ಲಿ 2 ನಿಮಿಷ 30 ಸೆಕೆಂಡುಗಳೊಳಗೆ ಹಾಡಬೇಕೆಂದು 2022ರಲ್ಲಿ ನಿಶ್ಚಯವಾಯಿತು. ಮಟ್ಟೂ ಕಾಲಪ್ರಮಾಣವೂ ಸ್ಥಿರವಾಗದೆ ಹಾಡೊಂದು ವಾದ್ಯವೃಂದಕ್ಕೆ ಸಿದ್ಧವಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಆದರೆ ಕರ್ನಾಟಕ ಸರಕಾರದ ಆಜ್ಞೆಯು ತೆಲಂಗಾಣದ ಶಾಲೆಯನ್ನು ಮುಟ್ಟುವುದಿಲ್ಲ. ಅಲ್ಲಿ ಕನ್ನಡದ ಹಾಡು ನುಡಿಯಬೇಕಾದರೆ ಅದನ್ನು ಯಾರಾದರೂ ಇಚ್ಛೆಪಟ್ಟು ಆರಿಸಬೇಕು.

ಈ ಆಯ್ಕೆಗೆ ಬ್ಯಾಂಡು ಒಂದು ಅನುಕೂಲವನ್ನೂ ಒಂದು ತೊಡಕನ್ನೂ ಒಡ್ಡುತ್ತದೆ. ವಾದ್ಯಕ್ಕೆ ಭಾಷೆಯಿಲ್ಲವಾದುದರಿಂದ ತೆಲುಗು, ಉರ್ದು, ಮರಾಠಿ ಮನೆಗಳ ಮಕ್ಕಳೂ ಕನ್ನಡದ ಮಟ್ಟನ್ನು ಯಾವ ಸಂಕೋಚವೂ ಇಲ್ಲದೆ ನುಡಿಸಬಲ್ಲರು. ಆದರೆ ಸಾಹಿತ್ಯವು ಅಳಿದ ಮಟ್ಟನ್ನು ಕನ್ನಡದ್ದೆಂದು ಗುರುತಿಸುವವನು ಅದನ್ನು ಮೊದಲೇ ಹಾಡಿಬಲ್ಲವನು ಮಾತ್ರ. ಮೈಸೂರಿನ ಕರ್ನಾಟಕ ಬ್ಯಾಂಡಿಗೆ ಕೃತಿಗಳನ್ನು ಮನೆಯಲ್ಲಿಯೇ ಕೇಳಿ ಬೆಳೆದ ಶ್ರೋತೃಗಳಿದ್ದರು. ನಾರಾಯಣಗೂಡದ ಮಗುವಿಗೆ ಆ ನೆರವು ಸಹಜವಾಗಿ ಒದಗದು. ಆದುದರಿಂದ ಹೊರನಾಡಿನ ಶಾಲೆಗೆ ಕೃತಿಯನ್ನು ಆರಿಸುವಾಗ ಮಟ್ಟು ವಾದ್ಯಕ್ಕೆ ಒಗ್ಗುವುದೇ, ಅವಧಿ ಮಿತವೇ ಎಂದು ನೋಡಿದರೆ ಸಾಲದು. ಆ ಹಾಡನ್ನು ಮಕ್ಕಳು ಮೊದಲು ಬಾಯಿಂದ ಕಲಿತಿದ್ದಾರೆಯೇ ಎಂಬುದನ್ನೂ ನೋಡತಕ್ಕದ್ದು. ಕಂಠದಲ್ಲಿ ನೆಲೆನಿಂತ ಹಾಡೇ ಕೊಂಬಿನಲ್ಲಿಯೂ ಕನ್ನಡವಾಗಿ ಉಳಿದೀತು.