ಬಂಡೆಯ ಸೀಳು ಮತ್ತು ನೀರು: ತುಳುನಾಡಿನ ಶಿಲಾಕಾರ್ಯವನ್ನು ಕುರಿತು ಒಂದು ವಿಚಾರ

ಕಲ್ಲಡ್ಕವೆಂಬ ಊರಿನ ಹೆಸರಿನಲ್ಲಿಯೇ ಕಲ್ಲು ಸೇರಿದೆ. ಬಂಟವಾಳ ತಾಲೂಕಿನ ಈ ಊರಿನಿಂದ ಉತ್ತರಕ್ಕೆ ಸಾಗಿದರೆ, 1430ರಲ್ಲಿ ಕಟ್ಟಲಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ, ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ ಕಾರ್ಕಳದ ಗೊಮ್ಮಟನೂ, ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ವೇಣೂರಿನ ಗೊಮ್ಮಟನೂ ಕಾಣಸಿಗುತ್ತವೆ. ಇವುಗಳನ್ನು ಮಾಡಿಸಿದ ಅರಸರ ವಂಶಾವಳಿಯನ್ನು ನಾವು ಶ್ರದ್ಧೆಯಿಂದ ಓದುತ್ತೇವೆ. ಬಂಡೆಯು ಹೇಗೆ ಸೀಳಿತೆಂಬುದನ್ನು ಅಷ್ಟಾಗಿ ಕೇಳುವುದಿಲ್ಲ.

ಕುಳಿಗಳನ್ನು ಸಾಲಾಗಿ ಕೊರೆದು, ಒಣಮರದ ಬೆಣೆಗಳನ್ನು ಬಿಗಿದು, ನೀರೆರೆದು ಬಂಡೆಯನ್ನು ಸೀಳುತ್ತಿದ್ದರೆಂಬುದು ಶಿಲ್ಪೇತಿಹಾಸದಲ್ಲಿ ರೂಢವಾದ ವಿವರಣೆ. ಇಲ್ಲಿ ಕೀರ್ತಿಯೆಲ್ಲ ಉಬ್ಬಿದ ಮರಕ್ಕೆ ಸಲ್ಲುತ್ತದೆ. ನೀರಿಗೂ ಅದರಲ್ಲಿ ಪಾಲುಂಟೆಂಬುದು ನಮ್ಮ ಅಭಿಪ್ರಾಯ.

ಬಿರುಕು ಬೆಳೆದಾಗ ಎರಡು ಹೊಸ ಮೇಲ್ಮೈಗಳು ಹುಟ್ಟುತ್ತವೆ. ಅವುಗಳನ್ನು ಹುಟ್ಟಿಸಲು ಶಕ್ತಿ ವ್ಯಯವಾಗಬೇಕು. ಎ. ಎ. ಗ್ರಿಫಿತ್ ಎಂಬ ಆಂಗ್ಲ ವಿಜ್ಞಾನಿಯು 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇದನ್ನು ಪ್ರತಿಪಾದಿಸಿದನು. ಮೇಲ್ಮೈಗೆ ಅಂಟಿಕೊಳ್ಳುವ ದ್ರವವು ಆ ಶಕ್ತಿಯ ಅಗತ್ಯವನ್ನೇ ತಗ್ಗಿಸಿ ಘನವಸ್ತುವನ್ನು ದುರ್ಬಲಗೊಳಿಸುವುದೆಂದು ರಷ್ಯದ ಪಿ. ಎ. ರೆಬಿಂದರ್ 1928ರಲ್ಲಿ ತೋರಿಸಿಕೊಟ್ಟನು. ಗಾಳಿಯಲ್ಲಿ ತೇವ ಹೆಚ್ಚಿದಂತೆ ಗಾಜಿನ ಬಿರುಕು ಬೇಗ ಬೆಳೆಯುವುದನ್ನು ವೀಡರ್‌ಹಾರ್ನ್ 1967ರಲ್ಲಿ ಅಳೆದನು. ಗಾಜಿನಲ್ಲಿರುವಂತೆ ಕಗ್ಗಲ್ಲಿನ ಖನಿಜಗಳಲ್ಲಿಯೂ ಸಿಲಿಕಾನ್ ಮತ್ತು ಆಮ್ಲಜನಕಗಳ ಬಂಧವಿದೆ. ಬಿರುಕಿನ ತುದಿಯಲ್ಲಿ ಸೆಳೆತಕ್ಕೊಳಗಾದ ಈ ಬಂಧವನ್ನು ನೀರಿನ ಅಣುವು ಬಿಡಿಸಬಲ್ಲುದು. ಆದುದರಿಂದ ಬೆಣೆಯು ಸೆಳೆತವನ್ನು ಒದಗಿಸುತ್ತದೆ. ನೀರು ಆ ಸೆಳೆತಕ್ಕೆ ದಾರಿಯನ್ನು ಸುಗಮಗೊಳಿಸುತ್ತದೆ. ಸೆಳೆತವಿಲ್ಲದೆ ನೀರೊಂದೇ ಬಂಡೆಯನ್ನು ಸೀಳದು, ಕಾಲಾವಕಾಶವೂ ಬೇಕು.

ಆದರೆ ಎಲ್ಲ ಕಲ್ಲಿಗೂ ಇದೇ ನಿಯಮವನ್ನು ಹಚ್ಚುವುದು ಸಲ್ಲದು. ನಮ್ಮ ಕರಾವಳಿಯ ಮುರಕಲ್ಲು ಹಸಿಯಾಗಿರುವಾಗ ಕೊಡಲಿಗೆ ಬಗ್ಗುತ್ತದೆ, ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಇದನ್ನು ಮಲಬಾರಿನಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಲ್ಲಿ ಮುಖ್ಯ ಕಾರಣ ಕಬ್ಬಿಣದ ಸಂಯುಕ್ತಗಳಲ್ಲಿಯೂ ಜೇಡಿಯಲ್ಲಿಯೂ ಆಗುವ ಮಾರ್ಪಾಟು. ಬಿರುಕಿನ ತುದಿಯ ವ್ಯಾಪಾರವಲ್ಲ.

ಪೂರ್ವದ ಶಿಲ್ಪಿಗಳು ರೆಬಿಂದರನ ತತ್ತ್ವವನ್ನು ಅರಿತಿದ್ದರೆಂದು ನಾವು ಹೇಳುವುದಿಲ್ಲ. ಅಂತಹ ಮಾತು ಅಭಿಮಾನವಾದೀತೇ ಹೊರತು ಇತಿಹಾಸವಾಗದು. ಆದರೆ ನಲವತ್ತೆರಡು ಅಡಿಯ ಕಾರ್ಕಳದ ಮೂರ್ತಿಯು ಏಕಶಿಲೆಯದು. ಬೇಕಾದೆಡೆ ಸೀಳುವುದೂ ಬೇಡವಾದೆಡೆ ಸೀಳದಂತೆ ಕಾಯುವುದೂ ಅಲ್ಲಿ ಒಂದೇ ವಿದ್ಯೆಯ ಎರಡು ಮುಖಗಳಾಗಿದ್ದುವು. ತಪ್ಪಿದ ಒಂದು ಬಿರುಕು ಇಡೀ ಶ್ರಮವನ್ನು ಮಣ್ಣುಪಾಲು ಮಾಡುತ್ತಿತ್ತು.

ಈ ವಿಚಾರಕ್ಕೆ ಇಂದಿಗೂ ಪ್ರಯೋಜನವುಂಟು. ಕಂಬ, ತೊಲೆಗಳು ಇಂದಿಗೂ ಭಾರವನ್ನು ಹೊತ್ತಿವೆ; ಸೆಳೆತವಿರುವ ಕಡೆ ಬಿರುಕಿದ್ದರೆ, ಅದರೊಳಗೆ ಇಳಿದ ತೇವವು ನಿಷ್ಕ್ರಿಯವಾಗಿ ಕೂರುವುದಿಲ್ಲ. ಸಾಬೂನು ಮೊದಲಾದ ಮಾರ್ಜಕಗಳು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸತಕ್ಕವು. ಆದಕಾರಣ ಹಳೆಯ ಶಿಲೆಗಳನ್ನು ತೊಳೆಯುವುದಕ್ಕೆ ಮೊದಲು ಅವುಗಳ ಬಿರುಕುಗಳನ್ನು ಗುರುತಿಸಿ, ಅಳೆದು, ಬರೆದಿಡುವುದು ಅವಶ್ಯಕ. ಗಣಿಯ ಹಳೆಯ ಬಂಡೆಗಳಲ್ಲಿ ಉಳಿದಿರುವ ಬೆಣೆಗುಳಿಗಳನ್ನೂ ಹೀಗೆಯೇ ದಾಖಲಿಸಬೇಕು. ಶಾಸನವು ಮಾಡಿಸಿದವನ ಹೆಸರನ್ನು ಹೇಳುತ್ತದೆ. ಮಾಡಿದವನ ಕೈಯ ಗುರುತು ಈ ಕುಳಿಗಳಲ್ಲಿ ಉಳಿದಿದೆ.