ಚಿಮಣಿಯ ಮಸಿಯಲ್ಲಿ ಕಳೆದ ಬಾಲ್ಯ

ಶೀತ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಮಾಡಲೇಬೇಕಾದ ಕೆಲಸಗಳಲ್ಲಿ ಚಿಮಣಿ ಶುಚಿಗೊಳಿಸುವುದೂ ಒಂದು. ಸೌದೆಯ ಅಥವಾ ಕಲ್ಲಿದ್ದಲಿನ ಹೊಗೆ ಮೇಲೇರುತ್ತ ತಣ್ಣಗಾದಾಗ ಅದರಲ್ಲಿನ ಮಸಿ ಮತ್ತು ಡಾಂಬರಿನಂಥ ಅಂಟು ಕೊಳವೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ದಾರಿ ಕಟ್ಟಿದರೆ ಹೊಗೆ ಮನೆಯೊಳಕ್ಕೇ ನುಗ್ಗುತ್ತದೆ. ಕಿಡಿ ತಗುಲಿದರೆ ಚಿಮಣಿಯೇ ಹೊತ್ತಿ ಉರಿಯುತ್ತದೆ. ಈಗ ಉದ್ದನೆಯ ಕೋಲಿನ ತುದಿಗೆ ಬ್ರಷ್ ಸಿಕ್ಕಿಸಿ ಅದನ್ನು ಕೆರೆದು ತೆಗೆಯುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಬಹುಕಾಲ ಆ ಬ್ರಷ್ಷಿನ ಜಾಗದಲ್ಲಿ ಪುಟ್ಟ ಹುಡುಗರಿದ್ದರು.

1666ರ ಭೀಕರ ಬೆಂಕಿ ಅನಾಹುತದ ನಂತರ ಲಂಡನ್ ಇಟ್ಟಿಗೆಯ ಮನೆಗಳ ನಗರವಾಗಿ ಮತ್ತೆ ತಲೆಯೆತ್ತಿತು. ಸೌದೆಯ ಸ್ಥಾನವನ್ನು ಕಲ್ಲಿದ್ದಲು ಆಕ್ರಮಿಸಿತ್ತು. ಹಲವು ಅಗ್ಗಿಷ್ಟಿಕೆಗಳ ಹೊಗೆಯನ್ನು ಸಾಗಿಸಲು ಗೋಡೆಗಳೊಳಗೆ ಅಂಕುಡೊಂಕಾದ ಕಿರಿದಾದ ಕೊಳವೆಗಳನ್ನು ಕಟ್ಟಲಾಯಿತು. ಅನೇಕ ಕೊಳವೆಗಳ ಅಳತೆ 14 ಅಂಗುಲಕ್ಕೆ 9 ಅಂಗುಲ ಮಾತ್ರ. ದೊಡ್ಡವರು ನುಸುಳಲಾಗದ ಈ ಕಿಂಡಿಗಳಿಗೆ ಅನಾಥರು ಹಾಗೂ ಬಡವರ ಮಕ್ಕಳನ್ನು ಕೆಲಸ ಕಲಿಸುವ ನೆಪದಲ್ಲಿ ಇಳಿಸಲಾಯಿತು. ಮೊಣಕೈ, ಮಂಡಿಗಳನ್ನೇ ಊರಿ ಅವರು ಮೇಲೇರಬೇಕಿತ್ತು. ತರಚಿದ ಚರ್ಮ ಗಟ್ಟಿಯಾಗಲೆಂದು ಯಜಮಾನರು ಉಪ್ಪುನೀರು ತಿಕ್ಕುತ್ತಿದ್ದರು. ಉದುರಿಸಿದ ಮಸಿ ಗೊಬ್ಬರವಾಗಿ ಮಾರಾಟವಾಗುತ್ತಿತ್ತು. ಒಳಗೆ ಸಿಲುಕಿ ಉಸಿರುಕಟ್ಟಿ ಸತ್ತ ಮಕ್ಕಳೂ ಇದ್ದರು.

ಬದುಕುಳಿದವರನ್ನೂ ಮಸಿ ಬಿಡಲಿಲ್ಲ. ಈ ವೃತ್ತಿಯವರಲ್ಲಿ ಕಾಣಿಸುತ್ತಿದ್ದ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದರು. ಒಂದು ವೃತ್ತಿಗೂ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಮೊದಲ ನಿದರ್ಶನಗಳಲ್ಲಿ ಇದು ಪ್ರಸಿದ್ಧವಾದುದು.

ಪರಿಹಾರ ಇರಲಿಲ್ಲವೆಂದಲ್ಲ. 1803ರಲ್ಲೇ ಜಾರ್ಜ್ ಸ್ಮಾರ್ಟ್ ಎಂಬಾತ ಒಂದಕ್ಕೊಂದು ಜೋಡಿಸಬಹುದಾದ ಟೊಳ್ಳು ಕೋಲುಗಳ ಬ್ರಷ್ ರೂಪಿಸಿದ್ದ. 1828ರ ಹೊತ್ತಿಗೆ ಜೋಸೆಫ್ ಗ್ಲಾಸ್ ಅದಕ್ಕಿಂತ ಉತ್ತಮವಾದುದನ್ನು ತಂದ. ಕಾನೂನುಗಳೂ ಬಂದವು. 1788ರ ಕಾಯ್ದೆ ಎಂಟು ವರ್ಷದೊಳಗಿನವರನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಷೇಧಿಸಿತು. 1840ರ ಕಾಯ್ದೆ 21 ವರ್ಷದೊಳಗಿನ ಯಾರೂ ಚಿಮಣಿ ಹತ್ತಕೂಡದೆಂದಿತು. ಆದರೆ ಜಾರಿಗೊಳಿಸುವವರು ಯಾರು? ಬ್ರಷ್ ಬಳಸಿದರೆ ಕೋಣೆಯೆಲ್ಲ ಮಸಿಯಾದೀತೆಂಬ ಭಯ ಮನೆಯವರದು. ಡೊಂಕು ಕೊಳವೆಗಳನ್ನು ಸರಿಪಡಿಸುವ ಖರ್ಚು ಬೇರೆ. ಸ್ಥಿತಿವಂತರ ಮನೆಗಳಲ್ಲೇ ಮಕ್ಕಳು ಚಿಮಣಿ ಹತ್ತುವುದು ನಡೆದೇ ಇತ್ತು. 1863ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಇಂಥ ಹುಡುಗನೊಬ್ಬನನ್ನೇ ನಾಯಕನನ್ನಾಗಿಸಿ ‘ದಿ ವಾಟರ್ ಬೇಬೀಸ್’ ಪ್ರಕಟಿಸಿದಾಗ ಜನರ ಮನಸ್ಸು ಕಲಕಿತು. ಮರುವರ್ಷ ಇನ್ನೊಂದು ಕಾಯ್ದೆ ಬಂತು. ಅದೂ ಸಾಲಲಿಲ್ಲ.

1875ರ ಫೆಬ್ರವರಿ. ಕೇಂಬ್ರಿಜ್ ಬಳಿಯ ಫುಲ್ಬೋರ್ನ್ ಆಸ್ಪತ್ರೆಯ ಚಿಮಣಿಯೊಳಗೆ ಹನ್ನೊಂದು-ಹನ್ನೆರಡರ ಪ್ರಾಯದ ಜಾರ್ಜ್ ಬ್ರೂಸ್ಟರ್ ಸಿಲುಕಿಕೊಂಡ. ಗೋಡೆ ಒಡೆದು ಹೊರತೆಗೆದರೂ ಹುಡುಗ ಉಳಿಯಲಿಲ್ಲ. ಅವನ ಯಜಮಾನನಿಗೆ ಆರು ತಿಂಗಳ ಕಠಿಣ ಸಜೆಯಾಯಿತು. ದಶಕಗಳಿಂದ ಹೋರಾಡುತ್ತಿದ್ದ ಲಾರ್ಡ್ ಷಾಫ್ಟ್ಸ್‌ಬರಿ ಈ ಸಾವನ್ನು ಮುಂದಿಟ್ಟು ಅದೇ ವರ್ಷ ಹೊಸ ಕಾಯ್ದೆ ತಂದರು. ಇನ್ನು ಮುಂದೆ ಚಿಮಣಿ ಶುಚಿಗೊಳಿಸುವವರು ಪೊಲೀಸರಿಂದ ಪರವಾನಗಿ ಪಡೆಯಬೇಕಿತ್ತು. ಹಳೆಯ ನಿಷೇಧವನ್ನು ಜಾರಿಗೊಳಿಸುವ ಹೊಣೆಯೂ ಪೊಲೀಸರದಾಯಿತು. ಅಲ್ಲಿಗೆ ಮಕ್ಕಳು ಚಿಮಣಿ ಹತ್ತುವುದು ಕೊನೆಗೊಂಡಿತು.

ಬ್ರಷ್ ಬಂದು ಆಗಲೇ 72 ವರ್ಷಗಳು ಕಳೆದಿದ್ದವು. ಉಪಕರಣವೂ ಇತ್ತು, ಕಾನೂನೂ ಇತ್ತು. ಅದನ್ನು ಪಾಲಿಸುವಂತೆ ನೋಡಿಕೊಳ್ಳುವ ಒಬ್ಬ ಹೊಣೆಗಾರ ಇರಲಿಲ್ಲ, ಅಷ್ಟೆ.