ಸೋಸಿದ ನೀರನ್ನು ಮರಳಿ ಪಡೆಯುವ ಅಂಗ

ಬೇಸಗೆಯಲ್ಲಿ ನಾವು ತಂಬಿಗೆಗಟ್ಟಲೆ ನೀರು ಕುಡಿಯುತ್ತೇವೆ. ನಿರ್ಜಲ ಉಪವಾಸದ ದಿನ ಒಂದು ಗುಟುಕನ್ನೂ ಮುಟ್ಟುವುದಿಲ್ಲ. ಆದರೂ ನಮ್ಮ ರಕ್ತವು ವಿಶೇಷವಾಗಿ ತೆಳುವಾಗುವುದೂ ಇಲ್ಲ, ಮಂದವಾಗುವುದೂ ಇಲ್ಲ. ಈ ಸಮತೋಲವನ್ನು ಕಾಯುವವು ಮೂತ್ರಪಿಂಡಗಳು. ಅವುಗಳ ಕಾರ್ಯಕ್ರಮವು ನಮಗೆ ತಿಳಿದುಬಂದುದು ಬಹುಕಾಲದ ವಾದವೊಂದರ ಕೊನೆಯಲ್ಲಿ.

ಮೂತ್ರವು ಹುಟ್ಟುವುದು ಮೂತ್ರಪಿಂಡಗಳಲ್ಲಿಯೇ ಎಂಬುದನ್ನು ಕ್ರಿ. ಶ. 2ನೆಯ ಶತಮಾನದಲ್ಲಿ ಗೇಲನ್ ಎಂಬ ವೈದ್ಯನು ಪ್ರಾಣಿಗಳ ಮೂತ್ರನಾಳಗಳನ್ನು ದಾರದಿಂದ ಬಿಗಿದು ತೋರಿಸಿದನು. ಆದರೆ ಹೇಗೆ ಹುಟ್ಟುತ್ತದೆ? 1842ರಲ್ಲಿ ಲಂಡನ್ನಿನ ವಿಲಿಯಂ ಬೌಮನ್, ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೊಂಚಲನ್ನು ಸುತ್ತುವರಿದ ಕೋಶವೇ ಮುಂದೆ ನಾಳವಾಗಿ ಸಾಗುವುದೆಂದು ಕಂಡನು. ಅದೇ ವರ್ಷ ಜರ್ಮನಿಯ ಕಾರ್ಲ್ ಲುಡ್ವಿಗ್, ರಕ್ತದ ಒತ್ತಡದಿಂದ ದ್ರವವು ಆ ಗೊಂಚಲಿನಲ್ಲಿ ಸೋಸಿಹೋಗುತ್ತದೆ, ಅದರ ನೀರು ನಾಳದಲ್ಲಿ ಮರಳಿ ರಕ್ತಕ್ಕೆ ಸೇರುತ್ತದೆ ಎಂದನು. ಬ್ರೆಸ್ಲೌ ನಗರದ ಹೈಡನ್‌ಹೈನ್ ಇದನ್ನು ಒಪ್ಪಲಿಲ್ಲ: ಹಾಗಾದರೆ ಅಪಾರವಾದ ದ್ರವವನ್ನು ಸುರಿದು, ಬಹುಪಾಲನ್ನು ಮತ್ತೆ ಹೀರಬೇಕಾಗುವುದಲ್ಲ!

ವಾದವನ್ನು ತೀರಿಸಿದುದು ಒಂದು ಕಪ್ಪೆ. 1924ರಲ್ಲಿ ಫಿಲಡೆಲ್ಫಿಯಾದ ವೆರ್ನ್ ಮತ್ತು ರಿಚರ್ಡ್ಸ್ ಎಂಬವರು ಕೂದಲಿಗಿಂತಲೂ ಸೂಕ್ಷ್ಮವಾದ ನಳಿಗೆಯನ್ನು ಕಪ್ಪೆಯ ಮೂತ್ರಪಿಂಡದ ಆ ಕೋಶಕ್ಕೆ ಚುಚ್ಚಿ ದ್ರವವನ್ನು ತೆಗೆದರು. ಅದರಲ್ಲಿ ಸಕ್ಕರೆಯಿತ್ತು, ಮೂತ್ರಕೋಶದ ಮೂತ್ರದಲ್ಲಿ ಇರಲಿಲ್ಲ. ಅಂದಮೇಲೆ ದಾರಿಯಲ್ಲಿ ಅದನ್ನು ಮರಳಿ ಪಡೆದವರಾರು? ನಾಳವೇ.

ಹೈಡನ್‌ಹೈನನು ನಂಬದಿದ್ದುದೇ ನಿಜವಾಯಿತು. ಮನುಷ್ಯನಲ್ಲಿ ದಿನಕ್ಕೆ ಸುಮಾರು 180 ಲೀಟರು ಸೋಸಿಹೋಗುತ್ತದೆ. ಹೊರಬೀಳುವುದು ಒಂದೂವರೆ ಲೀಟರಿನಷ್ಟು. ಮರಳುವ ಪಾಲಿನಲ್ಲಿ ನೂರಕ್ಕೆ ಒಂದಂಶ ತಪ್ಪಿದರೂ ಮೂತ್ರವು ಇಮ್ಮಡಿಗೂ ಮಿಕ್ಕೀತು.

ಈ ಅಂಶವನ್ನು ಅಳೆಯುವುದು ಮಿದುಳು. ರಕ್ತವು ಮಂದವಾದುದನ್ನು ಅದು ಅರಿತು, ಪಿಟ್ಯುಟರಿ ಗ್ರಂಥಿಯ ಮೂಲಕ ಹಾರ್ಮೋನನ್ನು ಕಳುಹಿಸಿ ನೀರನ್ನು ತಡೆಯುವುದೆಂದು ಕೇಂಬ್ರಿಜ್ಜಿನ ವರ್ನಿ 1947ರಲ್ಲಿ ವಿವರಿಸಿದನು. ಈ ಆಜ್ಞೆ ಬಾರದಿದ್ದ ರೋಗಿಗಳು ದಿನಕ್ಕೆ ಹತ್ತು ಲೀಟರಿಗೂ ಮೇಲ್ಪಟ್ಟು ನೀರು ಕಳೆದುಕೊಂಡು, ಹಗಲಿರುಳೂ ಬಾಯಾರಿ ಬಳಲುವುದುಂಟು. 1992ರಲ್ಲಿ ಪೀಟರ್ ಆಗ್ರೆ ಮತ್ತು ಸಂಗಡಿಗರು ಜೀವಕಣದ ಪೊರೆಯಲ್ಲಿ ನೀರು ಹಾಯುವ ಬಾಗಿಲನ್ನೇ ಗುರುತಿಸಿದರು. ಆ ಹಾರ್ಮೋನು ನಾಳದ ಕಣಗಳಲ್ಲಿ ಹೆಚ್ಚಿಸುವುದು ಇಂಥ ಬಾಗಿಲುಗಳನ್ನೇ.

ಇಷ್ಟನ್ನು ಸೋಸಿ ಮರಳಿ ಪಡೆಯುವುದು ದುಂದಲ್ಲ. ಹಬ್ಬದ ಮುನ್ನಾದಿನ ನಾವು ಸಾಮಾನುಗಳನ್ನೆಲ್ಲ ಅಂಗಳಕ್ಕೆ ತಂದು, ಬೇಕಾದುವನ್ನು ಮಾತ್ರ ಒಳಗೆ ಒಯ್ಯುತ್ತೇವಷ್ಟೆ. ಕಸವನ್ನು ಒಂದೊಂದಾಗಿ ಹುಡುಕುವ ಶ್ರಮ ಹಾಗೆ ಉಳಿಯುತ್ತದೆ. ಮೂತ್ರಪಿಂಡಗಳು ಈ ಹಬ್ಬದ ಕೆಲಸವನ್ನು ಪ್ರತಿದಿನವೂ ಮಾಡುತ್ತಿರುತ್ತವೆ.